ಸೈಕಲ್ಲಿಗೆ ಮೋಟಾರು ಕೂಡಿಸುವವರು ಚೈನು, ಫ್ರೀವೀಲು ಕೊಳ್ಳುವ ಮುನ್ನ



ಕಳೆದ ಸರ್ವಸದಸ್ಯರ ಸಭೆಗೆ ನಾನು ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದದ್ದನ್ನು ತಾವೆಲ್ಲರೂ ನೋಡಿದ್ದೀರಿ. ಹೇಗಾಯಿತೆಂದು ಕೇಳಿದವರಿಗೆ ಸೈಕಲ್ಲಿನಿಂದ ಬಿದ್ದೆನೆಂದಷ್ಟೇ ಹೇಳಿ ಸುಮ್ಮನಾಗಿದ್ದೆ. ಅದು ಮೋಟಾರು ಕೂಡಿಸಿದ ಸೈಕಲ್ಲು, ಕೂಡಿಸಿದವನೂ ನಾನೇ ಎಂಬ ಸಂಗತಿ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಹೊರಬಿದ್ದಿತು. ಅಂದಿನಿಂದ ಸಂಘದ ಕಚೇರಿಗೆ ಬರುವವರಲ್ಲಿ ಮೈಲುತುತ್ತದ ದರ ಕೇಳುವವರಿಗಿಂತ ಈ ಸೈಕಲ್ಲಿನ ವಿಚಾರ ಕೇಳುವವರೇ ಹೆಚ್ಚಾಗಿದ್ದಾರೆ. ಇಬ್ಬರು ಸದಸ್ಯರು ಆಗಲೇ ಸಾಮಾನು ತರಿಸಿಕೊಂಡಿದ್ದಾರೆ. ಅವರಲ್ಲೊಬ್ಬರು ತಮ್ಮದನ್ನು ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಿದರು. ನನ್ನ ಕೈ ಮುರಿಸಿದ ತಪ್ಪೇ ಆ ಚೀಲದಲ್ಲಿಯೂ ಇತ್ತು. ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರದ ಲೆಕ್ಕವನ್ನು ಬದಿಗಿಟ್ಟು ಈ ಪಾಠವನ್ನು ಬರೆಯುತ್ತಿದ್ದೇನೆ.

ಇದು ಹುಡುಗಾಟದ ವಸ್ತುವೆಂದು ಹಿರಿಯರು ಭಾವಿಸಬಾರದು. ನಮ್ಮಲ್ಲಿ ಬಹುಮಂದಿಯ ಹಿಡುವಳಿ ಒಂದೇ ತುಂಡಾಗಿಲ್ಲ. ನನ್ನದೇ ಹೇಳುವುದಾದರೆ ಮನೆಯ ಸುತ್ತ ಎರಡೆಕರೆ ಕಾಫಿ, ಗುಡ್ಡದಾಚೆಯ ಕಣಿವೆಯಲ್ಲಿ ಒಂದೆಕರೆ ಅಡಿಕೆ. ನಡುವೆ ಎರಡು ಕಿಲೋಮೀಟರು ಗಾಡಿದಾರಿ. ಪಂಪು ಹಾಕಲು, ಆಳುಗಳಿಗೆ ತಿಂಡಿ ಒಯ್ಯಲು, ಮಂಗ ಬಂತೆಂದು ನೋಡಲು ದಿನಕ್ಕೆ ಮೂರು ನಾಲ್ಕು ಸಲ ಆ ದಾರಿ ತುಳಿಯಬೇಕು. ಜೀಪು ತೆಗೆಯುವಷ್ಟು ದೊಡ್ಡ ಕೆಲಸವಲ್ಲ. ನಡೆದರೆ ಹೊತ್ತು ಹೋಗುತ್ತದೆ, ಐವತ್ತು ದಾಟಿದ ಮೊಣಕಾಲು ಮಾತು ಕೇಳುವುದಿಲ್ಲ. ಬೈಕು ಇರುವ ಮನೆಯಲ್ಲಿ ಅದು ಮಗನೊಂದಿಗೆ ಪೇಟೆಗೆ ಹೋಗಿರುತ್ತದೆ. ಅಟ್ಟದ ಮೇಲೆ ಮಕ್ಕಳು ಬಿಟ್ಟುಹೋದ ಸೈಕಲ್ಲು ಇರುತ್ತದೆ. ಅದಕ್ಕೊಂದು ಮೋಟಾರು ಕೂಡಿಸಿದರೆ ಇಪ್ಪತ್ತು ಕಿಲೋ ಹೊರೆಯೊಂದಿಗೆ ಗುಡ್ಡ ಹತ್ತಬಹುದೆಂದು ಯಾರಿಗಾದರೂ ತೋರುವುದು ಸಹಜ.

ಮೋಟಾರು, ಬ್ಯಾಟರಿಗಳ ವಿಷಯವನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವನ್ನು ಮಾರುವವರೇ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದಿರುವುದು ಮೋಟಾರಿನಿಂದ ಗಾಲಿಯವರೆಗಿನ ಒಂದೂವರೆ ಅಡಿಯ ವಿಚಾರ, ಅಂದರೆ ಚೈನು, ಹಲ್ಲುಚಕ್ರ, ಫ್ರೀವೀಲು, ಹಬ್. ಮೋಟಾರು ಕೆಟ್ಟರೆ ಸೈಕಲ್ಲು ನಿಲ್ಲುತ್ತದೆ, ಅಷ್ಟೇ. ಈ ಒಂದೂವರೆ ಅಡಿಯಲ್ಲಿ ಕೆಟ್ಟರೆ ಸವಾರ ಬೀಳುತ್ತಾನೆ.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮೊದಲು ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಬೇಕು. ಸವಾರ 60 ಕಿಲೋ, ಮೋಟಾರು ಬ್ಯಾಟರಿ ಸಹಿತ ಸೈಕಲ್ಲು 35, ಹೊರೆ 20, ಒಟ್ಟು 115 ಕಿಲೋ ಎಂದು ಇಟ್ಟುಕೊಳ್ಳೋಣ. ಹತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಈ ಭಾರದ ಹತ್ತರಲ್ಲೊಂದು ಪಾಲು, ಅಂದರೆ ಹನ್ನೊಂದೂವರೆ ಕಿಲೋ, ಹಿಂದಕ್ಕೆ ಎಳೆಯುತ್ತದೆ. ಮಣ್ಣುದಾರಿಯ ತಡೆ ಇನ್ನೆರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಒಟ್ಟು 14 ಕಿಲೋ ಎಳೆತ. ಇದನ್ನು ಗಂಟೆಗೆ 8 ಕಿಲೋಮೀಟರು ವೇಗದಲ್ಲಿ ಎಳೆಯಲು ಸುಮಾರು 300 ವ್ಯಾಟ್ ಶಕ್ತಿ ಬೇಕು. 250 ವ್ಯಾಟಿನ ಮೋಟಾರು ಚೈನು ಬೇರಿಂಗುಗಳಲ್ಲಿ ಸೋರಿದ್ದು ಕಳೆದು 200 ಕೊಡುತ್ತದೆಂದು ಹಿಡಿದರೂ ಉಳಿದ 100 ವ್ಯಾಟನ್ನು ಸವಾರನ ಕಾಲು ಕೊಡಬೇಕು. ಆರೋಗ್ಯವಂತನಾದವನು ಪೆಡಲು ತುಳಿದು ಅಷ್ಟನ್ನು ಕೊಡಬಲ್ಲ. ಹಾಗಾಗಿ ನಮ್ಮ ಏರಿನಲ್ಲಿ ಗಂಟೆಗೆ 8 ಕಿಲೋಮೀಟರೇ ಗತಿ. ಇದಕ್ಕಿಂತ ಹೆಚ್ಚು ಹೇಳುವ ಅಂಗಡಿಯವರು ನಮ್ಮ ಗುಡ್ಡವನ್ನು ನೋಡಿದವರಲ್ಲ.

26 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.05 ಮೀಟರು ಹೋಗುತ್ತದೆ. ಗಂಟೆಗೆ 8 ಕಿಲೋಮೀಟರೆಂದರೆ ನಿಮಿಷಕ್ಕೆ 133 ಮೀಟರು, ಅಂದರೆ ಗಾಲಿ ನಿಮಿಷಕ್ಕೆ 65 ಸುತ್ತು. ನಾನು ತಂದ 24 ವೋಲ್ಟಿನ ಗೇರ್ ಮೋಟಾರಿನ ಶಾಫ್ಟು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ, ತುದಿಯಲ್ಲಿ 9 ಹಲ್ಲಿನ ಚಿಕ್ಕ ಚಕ್ರವಿದೆ. ಇದಕ್ಕೆ ಜೋಡಿಯಾಗಿ ಗಾಲಿಗೆ 18 ಹಲ್ಲಿನ ಫ್ರೀವೀಲು ಹಾಕುವುದು ವಾಡಿಕೆ. ಹಾಗೆ ಮಾಡಿದರೆ ಏರಿನಲ್ಲಿ ಗಾಲಿ 65 ಸುತ್ತು ತಿರುಗುವಾಗ ಮೋಟಾರಿನ ಶಾಫ್ಟು 130 ಸುತ್ತು ತಿರುಗುತ್ತಿರುತ್ತದೆ, ತನ್ನ ವೇಗದ ಅರ್ಧಕ್ಕೂ ಕಡಿಮೆ. ಮೋಟಾರನ್ನು ಅರ್ಧ ವೇಗಕ್ಕೆ ತಡೆದು ದುಡಿಸಿದರೆ ಅದು ಸಿಕ್ಕಾಪಟ್ಟೆ ಕರೆಂಟು ಎಳೆದು ಶಾಖ ಮಾಡುತ್ತದೆ. ವೋಲ್ಟೇಜು ಬಿದ್ದಾಗ ಪಂಪಿನ ಮೋಟಾರು ಸುಟ್ಟ ವಾಸನೆ ನಮಗೆಲ್ಲ ಪರಿಚಿತವಾದದ್ದೇ. ಬೆಂಗಳೂರಿನ ಮಟ್ಟಸ ರಸ್ತೆಗೆ 18 ಹಲ್ಲು ಸರಿ. ನಮಗೆ ಗಾಲಿಯ ಕಡೆ 32 ಹಲ್ಲಾದರೂ ಬೇಕು. ಆಗ ಅದೇ ಏರಿನಲ್ಲಿ ಮೋಟಾರು 231 ಸುತ್ತು ತಿರುಗುತ್ತದೆ, ತಣ್ಣಗಿರುತ್ತದೆ. ಮಟ್ಟಸ ದಾರಿಯಲ್ಲಿ ಗಂಟೆಗೆ ಹತ್ತೂವರೆ ಕಿಲೋಮೀಟರಿಗಿಂತ ಮುಂದೆ ಹೋಗುವುದಿಲ್ಲ ನಿಜ. ನಮ್ಮ ಹುಡುಗರು ನಕ್ಕರು. ನಗಲಿ.

ಮೂಲೆಯಲ್ಲಿರುವ ಇಂಜಿನು

ಬಹಳ ಸದಸ್ಯರು ಕೇಳುವುದು ಬೇರೆ. "ಹಳೆಯ ಕಳೆ ಕೊಚ್ಚುವ ಯಂತ್ರದ ಇಂಜಿನು ಸುಮ್ಮನೆ ಬಿದ್ದಿದೆಯಲ್ಲ ಮಾರಾಯ್ರೆ, ಅದನ್ನೇ ಹಾಕಿದರೆ ಏನು?" ನಾನೂ ಮೊದಲು ಅಲ್ಲಿಂದಲೇ ಹೊರಟವನು. ಆ ಇಂಜಿನು ಶಕ್ತಿ ಕೊಡುವುದು ನಿಮಿಷಕ್ಕೆ ಆರೇಳು ಸಾವಿರ ಸುತ್ತಿನಲ್ಲಿ. ಗಂಟೆಗೆ 15 ಕಿಲೋಮೀಟರಿಗೆ ಗಾಲಿ 122 ಸುತ್ತು. 7000 ಸುತ್ತನ್ನು 122ಕ್ಕೆ ಇಳಿಸಬೇಕಾದರೆ 57ಕ್ಕೆ ಒಂದರಂತೆ ಇಳಿಸಬೇಕು. 10 ಹಲ್ಲಿನಿಂದ 44 ಹಲ್ಲಿಗೆ ಚೈನು ಹಾಕಿದರೆ ಇಳಿಯುವುದು 4.4 ಪಾಲು ಮಾತ್ರ. ಅಂಥ ಎರಡು ಹಂತ ಸೇರಿದರೂ 19. ಮೂರು ಹಂತ ಬೇಕೇ ಬೇಕು. ಮೂರು ಹಂತವೆಂದರೆ ಮೂರು ಚೈನು, ಎರಡು ಮಧ್ಯದ ಶಾಫ್ಟು, ನಾಲ್ಕು ಬೇರಿಂಗು, ಅದರ ಮೇಲೆ ಸದ್ದು. ಇಷ್ಟೆಲ್ಲ ಕೂಡಿಸುವ ಜಾಗ ಸೈಕಲ್ಲಿನ ಚೌಕಟ್ಟಿನಲ್ಲಿ ಇಲ್ಲ.

ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಗಾಲಿಯ, 25 ಸಿ.ಸಿ. ಮೀರದ ಇಂಜಿನಿನ ವಾಹನ ಮಾತ್ರ ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗೆ ನಿಲ್ಲುತ್ತದೆ. ನಮ್ಮ ಮೂಲೆಯಲ್ಲಿ ಬಿದ್ದಿರುವವು ಬಹುತೇಕ 43 ಅಥವಾ 52 ಸಿ.ಸಿ.ಯವು. ಅದನ್ನು ಕೂಡಿಸಿ ರಸ್ತೆಗೆ ಇಳಿಸಿದರೆ ನೋಂದಣಿಯಿಲ್ಲದ ವಾಹನವಾಗುತ್ತದೆ.

ಹಳೆಯ ಇಂಜಿನನ್ನು ಸೈಕಲ್ಲಿಗೆ ಕೂಡಿಸಿ ದೊಡ್ಡವರಾದವರು ಇಲ್ಲದಿಲ್ಲ. ಜಪಾನಿನಲ್ಲಿ 1946ರಲ್ಲಿ ಸೋಯಿಚಿರೊ ಹೋಂಡಾ ಅವರು ಸೈನ್ಯದ ನಿಸ್ತಂತು ಯಂತ್ರಗಳಿಗೆ ವಿದ್ಯುತ್ ಕೊಡುತ್ತಿದ್ದ ಸಣ್ಣ ಇಂಜಿನುಗಳನ್ನು ಕೊಂಡು ಸೈಕಲ್ಲುಗಳಿಗೆ ಕೂಡಿಸಿಯೇ ವ್ಯಾಪಾರ ಆರಂಭಿಸಿದರು. ಆ ದಾಸ್ತಾನು ಮುಗಿದಾಗ ಸ್ವಂತ ಇಂಜಿನನ್ನೇ ತಯಾರಿಸಬೇಕಾಗಿ ಬಂದು, 1947ರಲ್ಲಿ ಎ ಮಾದರಿ ಹೊರಬಂದಿತು. ಅವರಿಗೆ ಆ ಸಾಮರ್ಥ್ಯವಿತ್ತು. ನಮ್ಮಂಥವರು ಒಮ್ಮೆ ಮಾತ್ರ ಸಿಗುವ ಸಾಮಾನನ್ನು ನಂಬಿ ಹೊರಟರೆ ಮುಂದಿನ ಮಳೆಗಾಲಕ್ಕೆ ಸೈಕಲ್ಲು ಮತ್ತೆ ಅಟ್ಟ ಸೇರುತ್ತದೆ. ತಾಲ್ಲೂಕು ಪೇಟೆಯ ಸೈಕಲ್ ಅಂಗಡಿ, ಬೇರಿಂಗ್ ಅಂಗಡಿ, ಲೇತು, ಈ ಮೂರು ಕಡೆ ಮತ್ತೆ ಸಿಗದ ಯಾವ ಭಾಗವನ್ನೂ ಚೈನಿನ ದಾರಿಯಲ್ಲಿ ಹಾಕಬಾರದೆಂದು ನಾನು ಈಗ ನಿಯಮ ಮಾಡಿಕೊಂಡಿದ್ದೇನೆ. ಮೋಟಾರನ್ನೂ ಅದರ ಕಂಟ್ರೋಲರನ್ನೂ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ.

ಚೈನು: ಅರ್ಧ ಇಂಚಿನ ನೆಂಟರು

ಚೈನಿನಲ್ಲಿ ಹಣ ಕಳೆದುಕೊಳ್ಳುವುದು ಬಹಳ ಸುಲಭ. ನಾನು ಮೂರು ಸಲ ಕಳೆದುಕೊಂಡೆ. ಕಾರಣವೇನೆಂದರೆ ಸೈಕಲ್ ಚೈನು, ಸಣ್ಣ ಮೋಟಾರ್ ಕಿಟ್ಟುಗಳೊಂದಿಗೆ ಬರುವ 415 ಚೈನು, ಬೈಕುಗಳ 420 ಮತ್ತು 428 ಚೈನು, ಈ ನಾಲ್ಕಕ್ಕೂ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ ಒಂದೇ, ಅರ್ಧ ಇಂಚು. ಅಂಕಿಯ ಮೊದಲ 4 ಹೇಳುವುದು ಅದನ್ನೇ, ಇಂಚಿನ ಎಂಟರಲ್ಲಿ ನಾಲ್ಕು ಪಾಲು. 520 ಎಂದಿದ್ದರೆ ಎಂಟರಲ್ಲಿ ಐದು. ಅಡ್ಡಪಟ್ಟಿ ಇಟ್ಟು ಅಳೆದು ಎಲ್ಲ ಒಂದೇ ಎಂದು ತಿಳಿಯುತ್ತೇವೆ. ಒಳಗಲವನ್ನು ನೋಡುವುದಿಲ್ಲ. ಗೇರಿಲ್ಲದ ಸೈಕಲ್ಲಿನ ಚೈನಿನ ಒಳಗಲ ಇಂಚಿನ ಎಂಟರಲ್ಲೊಂದು, 415ರದು ಹದಿನಾರರಲ್ಲಿ ಮೂರು, 420ರದು ಕಾಲು ಇಂಚು, 428ರದು ಹದಿನಾರರಲ್ಲಿ ಐದು. 415ರ ದಪ್ಪ ಹಲ್ಲಿನ ಮೇಲೆ ಸೈಕಲ್ ಚೈನು ಕೂರುವುದೇ ಇಲ್ಲ. ಸೈಕಲ್ಲಿನ ತೆಳು ಹಲ್ಲಿನ ಮೇಲೆ 428 ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ ಅದರ ಉರುಳೆ ಎಂಟೂವರೆ ಮಿಲಿಮೀಟರು, ಸೈಕಲ್ಲಿನದು ಏಳೂ ಮುಕ್ಕಾಲು. ಹಲ್ಲಿನ ಬುಡಕ್ಕೆ ಇಳಿಯದೆ ತುದಿಯಲ್ಲಿ ಸವಾರಿ ಮಾಡುತ್ತ, ಬದಿಗೂ ಓಲಾಡುತ್ತ, ಒತ್ತಡ ಬಿದ್ದಾಗ ಹಾರುತ್ತದೆ.

"ಬೈಕಿನ ಚೈನು ಗಟ್ಟಿ, ಅದೇ ಇರಲಿ" ಎಂದು ನಾನು ಮೊದಲು 428 ತಂದೆ. ಸೈಕಲ್ ಅಂಗಡಿಯವರು, "ಸೆಕ್ರೆಟ್ರಿಯವರೆ, ಎತ್ತಿನ ನೊಗ ಕರುವಿಗೆ ಹಾಕಿದ ಹಾಗಾಯ್ತಲ್ಲ" ಎಂದರು. 250 ವ್ಯಾಟಿಗೆ ಒಳ್ಳೆಯ ಸೈಕಲ್ ಚೈನೇ ಧಾರಾಳವಾಗಿ ಸಾಕು. ಕೊಯಮತ್ತೂರಿನ ರೋಲಾನ್, ಚೆನ್ನೈಯ ಟಿ.ಐ. ಡೈಮಂಡ್ ಎಂಬ ಹೆಸರುಗಳು ಈ ವ್ಯಾಪಾರದಲ್ಲಿ ಹಳೆಯವು. ಹೆಸರಿಲ್ಲದ ಚೈನು ಬೇಡ.

ಕೊಂಡ ಮೇಲೆ ಗಮನಿಸಬೇಕಾದದ್ದು ಕೆಲವೇ. ಕೊಂಡಿಗಳ ಸಂಖ್ಯೆ ಸಮವಾಗಿರಲಿ. ಅರ್ಧ ಕೊಂಡಿ ಹಾಕಿ ಉದ್ದ ಸರಿಮಾಡಿದರೆ ತುಂಡಾಗುವುದು ಅಲ್ಲಿಯೇ. ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಹೋಗುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ. ಚಿಕ್ಕ ಚಕ್ರದ ಸುತ್ತಳತೆಯ ಮೂರನೆಯ ಒಂದು ಭಾಗಕ್ಕಾದರೂ ಚೈನು ಅಪ್ಪಿಕೊಂಡಿರಬೇಕು. ಎರಡೂ ಚಕ್ರಗಳ ಮೈಗೆ ಅಡಿಕೆ ಸಸಿ ನೆಡುವಾಗ ಸಾಲಿಗೆ ಹಿಡಿಯುವ ಹಾಗೆ ದಾರ ಹಿಡಿದು, ಒಂದೇ ಗೆರೆಯಲ್ಲಿದೆಯೇ ಎಂದು ನೋಡಬೇಕು. ಸವೆತ ನೋಡಲು 24 ಕೊಂಡಿ ಎಣಿಸಿ ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಹೊಸತರಲ್ಲಿ ಸರಿಯಾಗಿ 12 ಇಂಚು ಇರುತ್ತದೆ. ಅದು ಇಂಚಿನ ಹದಿನಾರರಲ್ಲೊಂದು ಹೆಚ್ಚಿದರೆ ಚೈನು ಬದಲಿಸಿ. ಎಂಟರಲ್ಲೊಂದು ಹೆಚ್ಚುವವರೆಗೆ ಬಿಟ್ಟರೆ ಹಲ್ಲುಚಕ್ರವನ್ನೂ ಬದಲಿಸಬೇಕಾಗುತ್ತದೆ.

ಇನ್ನು ಕಿಟ್ಟಿನೊಂದಿಗೆ ಬರುವ, ರಬ್ಬರಿನ ಬಿಲ್ಲೆಗಳ ನಡುವೆ ಗಾಲಿಯ ಕಡ್ಡಿಗಳಿಗೇ ಬಿಗಿಯುವ ದೊಡ್ಡ ಚಕ್ರ. ಇದಕ್ಕೆ 9 ಬೋಲ್ಟು. ಮಾಡಿರುವುದು 36 ಕಡ್ಡಿಯ ಗಾಲಿಗೆ, ಒಂದು ಬದಿಗೆ 18 ಕಡ್ಡಿ, 9 ಜೋಡಿ. ನಮ್ಮ ದೊಡ್ಡ ಕಪ್ಪು ಸೈಕಲ್ಲಿನ ಹಿಂದಿನ ಗಾಲಿಗೆ ಇರುವುದು 40 ಕಡ್ಡಿ, ಬದಿಗೆ 20. ಹತ್ತು ಜೋಡಿಯ ನಡುವೆ ಒಂಬತ್ತು ಬೋಲ್ಟು ಹೇಗೂ ಸರಿ ಕೂರುವುದಿಲ್ಲ, ಬಲವಂತ ಮಾಡಿದರೆ ಕಡ್ಡಿ ಬಾಗುತ್ತದೆ. 36 ಕಡ್ಡಿಯ ಗಾಲಿಯಲ್ಲಿ ಕೂತರೂ ಎಳೆತವೆಲ್ಲ ಕಡ್ಡಿಯ ಮೇಲೆ ಬೀಳುವ ಈ ಏರ್ಪಾಡು ನನಗೆ ಒಪ್ಪಿಗೆಯಿಲ್ಲ.

ಎಡಗಡೆಯ ಫ್ರೀವೀಲು

ಈಗ ಕೈ ಮುರಿದ ಕಥೆ. ಪೆಡಲಿನ ಚೈನು ಬಲಗಡೆ ಇರುವುದರಿಂದ ಮೋಟಾರಿನ ಚೈನನ್ನು ಎಡಗಡೆ ಹಾಕುವುದು ಎಲ್ಲರ ರೂಢಿ. ಅಣ್ಣನ ಮಗ ಬಿಟ್ಟುಹೋದ ಗೇರ್ ಸೈಕಲ್ಲಿಗೆ ಮುಂದೆ ಡಿಸ್ಕ್ ಬ್ರೇಕು, ಹಿಂದೆ ರಿಮ್ಮಿಗೆ ಒತ್ತುವ ಬ್ರೇಕು ಇದ್ದವು. ಹಿಂದಿನ ಗಾಲಿಗೆ ಡಿಸ್ಕ್ ಕೂಡಿಸುವ ಹಬ್ ಹಾಕಿಸಿ ಕಡ್ಡಿ ಕಟ್ಟಿಸಿದೆ. ಇಂಥ ಹಬ್ಬಿನ ಎಡಮುಖದಲ್ಲಿ 44 ಮಿಲಿಮೀಟರು ವೃತ್ತದಲ್ಲಿ ಆರು ತೂತುಗಳಿರುತ್ತವೆ. ಅಲ್ಲಿಗೆ ಡಿಸ್ಕಿನ ಬದಲು ಲೇತಿನಲ್ಲಿ ಕಡೆಸಿದ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಥ್ರೆಡ್, ಥ್ರೆಡ್ಡಿಗೆ ಸೈಕಲ್ಲಿನ ಮಾಮೂಲು ಫ್ರೀವೀಲು. ಹೀಗೆಂದು ನಕ್ಷೆ ಬರೆದು ಲೇತಿನ ಆಚಾರ್ಯರಿಗೆ ಕೊಟ್ಟೆ. ಫ್ರೀವೀಲಿನ ಥ್ರೆಡ್ಡಿನ ಅಳತೆ 1.37 ಇಂಚು, ಇಂಚಿಗೆ 24 ಸುತ್ತು ಎಂಬುದೆಲ್ಲ ಸರಿಯಾಗಿಯೇ ಬರೆದಿದ್ದೆ.

ಆಚಾರ್ಯರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಡಗಡೆಗಲ್ವಾ ಸೆಕ್ರೆಟ್ರಿಯವ್ರೆ? ಥ್ರೆಡ್ ಉಲ್ಟಾ ಬೇಡ್ವಾ?" ಎಂದು ಕೇಳಿದರು. "ಫ್ರೀವೀಲಿನ ಥ್ರೆಡ್ ಹೇಗಿದೆಯೋ ಹಾಗೆ ಕತ್ತರಿಸಿ ಆಚಾರ್ರೆ" ಎಂದೆ. ಬಿ.ಎಸ್‌ಸಿ. ಓದಿದವನು ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ.

ಒಂದು ಫ್ರೀವೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಸಂಗತಿ ತಿಳಿಯುತ್ತದೆ. ಮುಖದ ಕಡೆಯಿಂದ ಹಲ್ಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಒಳಗಿನ ನಾಲಿಗೆಗಳು ಕಚ್ಚಿ ಒಳಭಾಗವನ್ನೂ ತಿರುಗಿಸುತ್ತವೆ. ಹಿಂದಕ್ಕೆ ತಿರುಗಿಸಿದರೆ ಟಕಟಕ ಎಂದು ಬಿಡುತ್ತವೆ. ಬಲಗಡೆಯಿಂದ ನೋಡುವವನಿಗೆ ಮುಂದೆ ಹೋಗುವ ಗಾಲಿ ಗಡಿಯಾರದ ದಿಕ್ಕಿಗೇ ತಿರುಗುತ್ತದೆ, ಹಾಗಾಗಿ ಅಲ್ಲಿ ಫ್ರೀವೀಲು ಕಚ್ಚಿ ಎಳೆಯುತ್ತದೆ. ಥ್ರೆಡ್ಡೂ ಅದೇ ದಿಕ್ಕಿಗೆ ಬಿಗಿಯಾಗುವುದರಿಂದ ತುಳಿದಷ್ಟೂ ಬಿಗಿಯುತ್ತದೆ. ಎಡಗಡೆಗೆ ಬಂದು ನೋಡಿ: ಅದೇ ಗಾಲಿ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತಿದೆ. ಫ್ರೀವೀಲನ್ನು ಮಾಮೂಲಿನಂತೆ ಹಾಕಿದರೆ ಮೋಟಾರು ಸುಮ್ಮನೆ ಟಕಟಕ ಎನ್ನುತ್ತದೆ, ಗಾಲಿ ತಿರುಗುವುದಿಲ್ಲ. ಅದಕ್ಕಾಗಿ ಫ್ರೀವೀಲನ್ನು ಬೆನ್ನು ಹೊರಗೆ ಮಾಡಿ ಹಾಕುತ್ತೇವೆ. ನಾನೂ ಹಾಗೆ ಹಾಕಿದೆ, ಗಾಲಿ ತಿರುಗಿತು, ಹಿಗ್ಗಿದೆ. ಆದರೆ ಫ್ರೀವೀಲನ್ನು ತಿರುವಿ ಹಾಕಿದರೆ ಅದರ ಥ್ರೆಡ್ ತಿರುವಾಗುವುದಿಲ್ಲ. ನಟ್ಟನ್ನು ಯಾವ ಮುಖದಿಂದ ಹಾಕಿದರೂ ಬಲಕ್ಕೇ ಬಿಗಿಯುವಂತೆ ಇದೂ. ಎಡಗಡೆಯಲ್ಲಿ ಮೋಟಾರು ಎಳೆದಾಗಲೆಲ್ಲ ಅದು ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತಿರುತ್ತದೆ. ಆಚಾರ್ಯರು ಕೇಳಿದ್ದು ಇದನ್ನೇ.

ಕೈಯಲ್ಲಿ ಬಲವಾಗಿ ಬಿಗಿದದ್ದರಿಂದ ಮೂರು ದಿನ ಏನೂ ಆಗಲಿಲ್ಲ. ಮೂರನೆಯ ದಿನ ತಮ್ಮನ ಮಗಳನ್ನು, ಆರನೆಯ ತರಗತಿಯ ಹುಡುಗಿಯನ್ನು, ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಅದೇ ಗುಡ್ಡ ಹತ್ತಿ ಇಳಿದೆ. ನಾಲ್ಕನೆಯ ದಿನ ಎರಡನೆಯ ಸಲದ ಬೋರ್ಡೋಗೆಂದು ಕ್ಯಾರಿಯರಿನಲ್ಲಿ ಸುಣ್ಣದ ಚೀಲವಿತ್ತು. ಏರು ಹತ್ತುವಾಗ ಎಡಗಡೆ ಏನೋ ಉಜ್ಜುವ ಸದ್ದು ಬಂದಿತು. ಮಳೆಯ ಅಬ್ಬರದಲ್ಲಿ ಕಿವಿಗೊಡಲಿಲ್ಲ. ಫ್ರೀವೀಲು ನಾಲ್ಕಾರು ಸುತ್ತು ಬಿಚ್ಚಿ ಹೊರಕ್ಕೆ ಸರಿದಿತ್ತು. ನೆತ್ತಿ ದಾಟಿ ಇಳಿಯುವಾಗ, ಓರೆಯಾಗಿದ್ದ ಚೈನು ಒಳಬದಿಗೆ ಕಳಚಿ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಗಾಲಿ ಕಚ್ಚಿ ನಿಂತಿತು. ನಾನು ದರೆಯ ಮೇಲೆ, ಸುಣ್ಣದ ಚೀಲ ಚರಂಡಿಯಲ್ಲಿ. ಏಳು ಕಡ್ಡಿ ಮುರಿದಿದ್ದವು. ಕ್ಯಾರಿಯರು ಎರಡಾಗಿ ಮಡಚಿತ್ತು. ಹಿಂದಿನ ದಿನ ಅಲ್ಲಿ ಕುಳಿತಿದ್ದವಳ ನೆನಪಾಗಿ ಕೈಯ ನೋವು ಬಹಳ ಹೊತ್ತು ತಿಳಿಯಲೇ ಇಲ್ಲ.

ಪಿನ್ನು ಹೊಡೆದು ನಿಲ್ಲಿಸಬಹುದಲ್ಲ, ವೆಲ್ಡ್ ಮಾಡಬಹುದಲ್ಲ ಎನ್ನುವವರಿದ್ದಾರೆ. ಫ್ರೀವೀಲಿಗೆ ವೆಲ್ಡಿಂಗಿನ ಶಾಖ ತಗುಲಿದರೆ ಒಳಗಿನ ಸ್ಪ್ರಿಂಗು ಮೆತ್ತಗಾಗಿ ನಾಲಿಗೆ ಕಚ್ಚುವುದು ತಪ್ಪುತ್ತದೆ. ಎಡಥ್ರೆಡ್ಡಿನ, ಎಡಗಡೆಗೆಂದೇ ಮಾಡಿದ ಫ್ರೀವೀಲುಗಳು ಪ್ರಪಂಚದಲ್ಲಿ ಇವೆ, ನಮ್ಮ ಪೇಟೆಯಲ್ಲಿ ಇಲ್ಲ. ಎರಡು ಹಲ್ಲುಸಾಲಿನ ಫ್ರೀವೀಲನ್ನು ಬಲಗಡೆಗೇ ಹಾಕಿ ಒಂದಕ್ಕೆ ಪೆಡಲಿನ ಚೈನು, ಇನ್ನೊಂದಕ್ಕೆ ಮೋಟಾರಿನ ಚೈನು ಕೊಟ್ಟರಾಯಿತೆಂಬ ಸಲಹೆಯೂ ಬಂದಿತು. ಹಾಗೆ ಮಾಡಿದರೆ ಮೋಟಾರು ತಿರುಗುವಾಗಲೆಲ್ಲ ಪೆಡಲೂ ತಿರುಗಿ ಮೊಣಕಾಲ ಗಂಟಿಗೆ ಬಡಿಯುತ್ತದೆ.

ಮಧ್ಯದ ಶಾಫ್ಟು

ಕೊನೆಗೆ ದಾರಿ ತೋರಿಸಿದವರು ಆಚಾರ್ಯರೇ. ಫ್ರೀವೀಲನ್ನು ಗಾಲಿಯಿಂದ ತೆಗೆದು, ಸೀಟಿನ ಕೆಳಗೆ ಅಡ್ಡಲಾಗಿ ಒಂದು ಶಾಫ್ಟು ಕೂಡಿಸಿ, ಅದರ ಬಲತುದಿಗೆ ಹಾಕಿದರು. ಬಲಗಡೆಯಾದದ್ದರಿಂದ ಮಾಮೂಲು ಫ್ರೀವೀಲು, ಮಾಮೂಲು ಥ್ರೆಡ್, ಎಳೆದಷ್ಟೂ ಬಿಗಿ. ಮೋಟಾರಿನ 9 ಹಲ್ಲಿನಿಂದ ಈ 18 ಹಲ್ಲಿಗೆ ಒಂದು ಚೈನು. ಶಾಫ್ಟಿನ ಎಡತುದಿಗೆ 18 ಹಲ್ಲಿನ ಪ್ಲೇಟನ್ನು ಬುಶ್ಶಿಗೆ ಬೆಸೆದು, ಕೀ ಹಾಕಿ ಗಟ್ಟಿಯಾಗಿ ಕೂಡಿಸಿದರು. ಅಲ್ಲಿಂದ ಗಾಲಿಯ 32 ಹಲ್ಲಿಗೆ ಎರಡನೆಯ ಚೈನು. ಮೊದಲ ಹಂತದಲ್ಲಿ ಎರಡು ಪಾಲು, ಎರಡನೆಯದರಲ್ಲಿ ಒಂದೂ ಮುಕ್ಕಾಲು, ಒಟ್ಟಿನಲ್ಲಿ 9ರಿಂದ 32ಕ್ಕೆ ಇಳಿದಂತೆಯೇ ಆಯಿತು. ಇಳುಕಲಿನಲ್ಲಿ ಗಾಲಿಯೂ ಶಾಫ್ಟೂ ತಿರುಗುತ್ತವೆ, ಮೋಟಾರು ಸುಮ್ಮನಿರುತ್ತದೆ. ಮೋಟಾರು ಬಲಕ್ಕೆ ಮುಖ ಮಾಡಿದ್ದರಿಂದ ತಿರುಗುವ ದಿಕ್ಕು ಉಲ್ಟಾ ಆಗಿತ್ತು. ಡಿ.ಸಿ. ಮೋಟಾರಾದದ್ದರಿಂದ ಎರಡು ತಂತಿ ಅದಲುಬದಲು ಮಾಡಿದ್ದು ಸಾಕಾಯಿತು.

ಸಾಮಾನು ಎಲ್ಲಿಂದ ಬಂದಿತೆಂದು ಕೇಳುವವರಿಗೆ: ಶಾಫ್ಟಿನ ಎರಡು ಬೇರಿಂಗು 6203, ನಮ್ಮ ಸಣ್ಣ ಮೋಟಾರುಗಳಲ್ಲಿ ಬರುವುದೇ, 17 ಮಿಲಿಮೀಟರು ಒಳಗಲ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ಪಡೆಯಬೇಕು, ಕೆಸರಿಗೆ ಬೇರೆಯದು ನಿಲ್ಲುವುದಿಲ್ಲ. 18 ಹಲ್ಲಿನ ಫ್ರೀವೀಲು, ಚೈನು ಎರಡೂ ಸೈಕಲ್ ಅಂಗಡಿಯದು. 32 ಹಲ್ಲಿನದು ಗೇರ್ ಸೈಕಲ್ಲಿನ ಪೆಡಲಿನ ಕಡೆಯ ರಿಂಗು, 104 ಮಿಲಿಮೀಟರು ವೃತ್ತದಲ್ಲಿ ನಾಲ್ಕು ತೂತು ಇರುವಂಥದು. ಉಕ್ಕಿನದೇ ಇರಲಿ. ಹಳೆಯ ಬಿಲ್ಲೆಯ ಥ್ರೆಡ್ ಕಡೆದುಹಾಕಿ, ಹೊರಗೆ ಈ ನಾಲ್ಕು ತೂತು ಬರುವಂಥ ಚಾಚು ಕೂಡಿಸಿಕೊಟ್ಟರು. ಅದರ ಹಲ್ಲು ಸ್ವಲ್ಪ ತೆಳುವಾದರೂ ಉರುಳೆಯ ಅಳತೆ ಒಂದೇ ಆದದ್ದರಿಂದ ಸೈಕಲ್ ಚೈನು ಸರಿಯಾಗಿ ಕೂರುತ್ತದೆ. ರಿಂಗಿಗೂ ಚೌಕಟ್ಟಿಗೂ ನಡುವೆ ಅರ್ಧ ಸೆಂಟಿಮೀಟರಾದರೂ ತೆರವಿರಬೇಕು, ಹೊರೆ ಬಿದ್ದಾಗ ಚೌಕಟ್ಟು ಬಳುಕುತ್ತದೆ. ಚಿತ್ರ ನೋಡಿ ಫೋನಿನಲ್ಲಿ ತರಿಸುವವರು ಹಲ್ಲಿನ ಸಂಖ್ಯೆ, ಚೈನಿನ ಒಳಗಲ, ತೂತಿನ ವೃತ್ತ, ಥ್ರೆಡ್ಡಿನ ದಿಕ್ಕು ಇವನ್ನು ಬರೆದು ಕೇಳಿ, ಉತ್ತರ ಬಂದ ಮೇಲಷ್ಟೇ ಹಣ ಕಟ್ಟಬೇಕು. ನಮ್ಮ ಮೂಲೆಯಿಂದ ಹಿಂದಕ್ಕೆ ಕಳಿಸುವ ತಾಪತ್ರಯ ತಮಗೆ ಗೊತ್ತೇ ಇದೆ.

ಕೂಡಿಸಿದ ಮೇಲೆ ಒಂದು ಸಣ್ಣ ಉಪಾಯ. ಬಿಲ್ಲೆ, ರಿಂಗು, ಬೋಲ್ಟಿನ ತಲೆ, ಶಾಫ್ಟಿನ ಎರಡೂ ತುದಿ, ಎಲ್ಲದರ ಮೇಲೂ ಹಾದುಹೋಗುವಂತೆ ಬಿಳಿ ಬಣ್ಣದ ಗೆರೆ ಎಳೆಯಿರಿ. ಯಾವುದಾದರೂ ಸರಿದರೆ ಗೆರೆ ಮುರಿದು ಕಾಣುತ್ತದೆ. ನಾನು ದಿನಾ ಹೊರಡುವಾಗ ಒಮ್ಮೆ ಬಗ್ಗಿ ನೋಡುತ್ತೇನೆ. ಈ ಗೆರೆ ಮೊದಲೇ ಇದ್ದಿದ್ದರೆ ಎರಡನೆಯ ದಿನವೇ ತಿಳಿಯುತ್ತಿತ್ತು. ಕ್ಯಾರಿಯರಿನ ಮೇಲೆ ಮಕ್ಕಳನ್ನು ಈಗ ಕೂರಿಸುವುದಿಲ್ಲ, ಸೈಕಲ್ಲು ಎಷ್ಟು ಸರಿಯಾಗಿದ್ದರೂ. ಹಿಂದಿನ ಡಿಸ್ಕಿನ ಜಾಗವನ್ನು ಚೈನು ತಿಂದಿರುವುದರಿಂದ ಹಿಂದೆ ರಿಮ್ಮಿನ ಬ್ರೇಕು ಇಲ್ಲದ ಸೈಕಲ್ಲಿಗೆ ಈ ಏರ್ಪಾಡು ಮಾಡಲೇಬಾರದು.

ಕೊನೆಯದಾಗಿ ರಸ್ತೆಯ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಬ್ಯಾಟರಿ ವಾಹನಕ್ಕೆ ವಿನಾಯಿತಿ ಇದೆಯೆಂದು ಮಾರುವವರು ಹೇಳುತ್ತಾರೆ. ಪೂರ್ತಿ ಹೇಳುವುದಿಲ್ಲ. ಆ ವಿನಾಯಿತಿ ಸಿಗುವುದು ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿದ ವಾಹನಕ್ಕೆ. ನಾವು ಮನೆಯಲ್ಲಿ ಕಟ್ಟಿದ್ದಕ್ಕೆ ಅಂಥ ಪತ್ರವಿಲ್ಲ. ಹಾಗಾಗಿ ನನ್ನದು ಗಾಡಿದಾರಿ ಬಿಟ್ಟು ಡಾಂಬರು ರಸ್ತೆಗೆ ಹತ್ತುವುದಿಲ್ಲ. ಪೇಟೆಗೆ ಹೋಗುವ ಆಸೆಯಿದ್ದವರು ಒಪ್ಪಿಗೆ ಪಡೆದ ಸೈಕಲ್ಲನ್ನೇ ಕೊಳ್ಳುವುದು ಲೇಸು.

ಮೇಲೆ ಹೇಳಿದ ಸದಸ್ಯರು ತಂದಿದ್ದ ಬಲಥ್ರೆಡ್ಡಿನ ಬಿಲ್ಲೆಯನ್ನು ಅವರ ಒಪ್ಪಿಗೆಯಿಂದ ಕಚೇರಿಯ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ನನ್ನ ಬಿಚ್ಚಿಹೋದ ಫ್ರೀವೀಲೂ ಆಚಾರ್ಯರ ಕೈಬರಹದ ನಕ್ಷೆಯೂ ಇವೆ. ಸೈಕಲ್ಲು ಹಿಂದಿನ ಗೋದಾಮಿನಲ್ಲಿದೆ. ಸಂತೆಯ ದಿನ ಮಧ್ಯಾಹ್ನ ಮೂರರ ನಂತರ ಬಂದರೆ ಗಾಲಿ ಎತ್ತಿ ತಿರುಗಿಸಿ ತೋರಿಸುತ್ತೇನೆ. ಸಾಮಾನು ಆಗಲೇ ತರಿಸಿರುವ ಇನ್ನೊಬ್ಬ ಸದಸ್ಯರು ಕೂಡಿಸುವ ಮೊದಲು ಒಮ್ಮೆ ತಪ್ಪದೆ ಬರಬೇಕಾಗಿ ವಿನಂತಿ.